ದಿನನಿತ್ಯ ಜೇಬಿನಲ್ಲಿ ಎಷ್ಟು ನಗದು ಇರಬೇಕು?

ಜೇಬಿನಲ್ಲಿ ಇಷ್ಟೇ ನಗದು ಇರಬೇಕೆಂದು ಭಾರತದಲ್ಲಿ ಯಾವ ಕಾನೂನೂ ಹೇಳುವುದಿಲ್ಲ. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ ಮಾತ್ರ 50,000 ರೂಪಾಯಿಗಿಂತ ಹೆಚ್ಚು ಹಣ ಒಯ್ಯುವವರ ಬಳಿ ಅದರ ಮೂಲ ತೋರಿಸುವ ದಾಖಲೆ ಇರಬೇಕು. ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಲ್ಲಿ ಜಪ್ತಿಯಾಗಬಹುದು.

2016ರಲ್ಲಿ ಯುಪಿಐ ಬಂತು. ಈಗ ಎಳನೀರಿನ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ. ಆದರೂ ಫೋನಿನ ಚಾರ್ಜ್ ಮುಗಿಯುತ್ತದೆ, ಬ್ಯಾಂಕಿನ ಸರ್ವರ್ ಕೈಕೊಡುತ್ತದೆ, ಮಲೆನಾಡಿನ ಘಾಟಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ತೆರಿಗೆ ನೋಟಿಸ್‌ಗಳು ಬಂದಾಗ ಬೆಂಗಳೂರಿನ ಹಲವು ಸಣ್ಣ ಅಂಗಡಿಗಳು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದ್ದವು.

ಒಂದು ಹೊತ್ತಿನ ಊಟ, ಮನೆಗೆ ಮರಳುವ ಆಟೊ ಬಾಡಿಗೆ, ತುರ್ತು ಔಷಧಿ: ಈ ಮೂರಕ್ಕೆ ಸಾಲುವಷ್ಟು ಹಣ ಕೈಯಲ್ಲಿದ್ದರೆ ನಗರದಲ್ಲಿ ದಿನ ಸಾಗುತ್ತದೆ. 500ರಿಂದ 1,000 ರೂಪಾಯಿ ಸಾಕು. ಪರಊರಿಗೆ ಹೊರಟವರಿಗೆ 2,000ದಿಂದ 3,000 ಬೇಕಾದೀತು. ಅದರಲ್ಲಿ ಸ್ವಲ್ಪವನ್ನು ಪರ್ಸಿನಿಂದ ಹೊರಗೆ, ಬ್ಯಾಗಿನ ಒಳಜೇಬಿನಲ್ಲಿ ಇಡುವುದು ಕ್ಷೇಮ.

ಮೊತ್ತಕ್ಕಿಂತಲೂ ಮುಖ್ಯವಾದುದು ಚಿಲ್ಲರೆ. ಹತ್ತಿಪ್ಪತ್ತು ರೂಪಾಯಿಯ ಟಿಕೆಟ್‌ಗೆ 500ರ ನೋಟು ಚಾಚಿದರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್‌ನ ಹಿಂಬದಿ ಬರೆದುಕೊಡುತ್ತಾರೆ. ಗಡಿಬಿಡಿಯಲ್ಲಿ ಅದನ್ನು ಕೇಳದೆ ಇಳಿದುಹೋಗುವವರು ಎಷ್ಟೋ ಮಂದಿ. ಆದ್ದರಿಂದ ಅರ್ಧದಷ್ಟಾದರೂ 10, 20, 50, 100ರ ನೋಟುಗಳಿರಲಿ. ಎಟಿಎಂಗಳಲ್ಲಿ ಹೆಚ್ಚಾಗಿ 500ರ ನೋಟುಗಳೇ ಬರುತ್ತಿದ್ದುದರಿಂದ, 100 ಅಥವಾ 200ರ ನೋಟುಗಳೂ ಸಿಗುವಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು.