ಓದುಗರ ಗುಟ್ಟು ಕಾಯುವ ಗ್ರಂಥಪಾಲಕರು

ಗ್ರಂಥಾಲಯದ ಸದಸ್ಯರೊಬ್ಬರು ಯಾವ ಪುಸ್ತಕ ಎರವಲು ಪಡೆದರು, ಅಲ್ಲಿನ ಕಂಪ್ಯೂಟರಿನಲ್ಲಿ ಏನನ್ನು ಹುಡುಕಿದರು ಎಂದು ಸರ್ಕಾರ ಕೇಳಿದರೆ ಗ್ರಂಥಪಾಲಕರು ಉತ್ತರಿಸಬೇಕೆ? ಯಾವ ಪುಸ್ತಕ ಕಪಾಟಿನಲ್ಲಿರಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ಅಮೆರಿಕದಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿವೆ. ಪ್ರತಿ ಬಾರಿಯೂ ಸದ್ದುಗದ್ದಲವಿಲ್ಲದ ವೃತ್ತಿಯೆಂದು ಹೆಸರಾದ ಗ್ರಂಥಪಾಲಕರೇ ಮುಂದೆ ನಿಂತಿದ್ದಾರೆ.

ಹಳೆಯ ಪರಂಪರೆ

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1939ರಲ್ಲಿಯೇ 'ಗ್ರಂಥಾಲಯ ಹಕ್ಕುಗಳ ಘೋಷಣೆ'ಯನ್ನು ಅಂಗೀಕರಿಸಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕೆರ್ನ್ ಕೌಂಟಿಯ ಆಡಳಿತ ಜಾನ್ ಸ್ಟೈನ್‌ಬೆಕ್ ಅವರ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಗ್ರಂಥಾಲಯಗಳಿಂದ ತೆಗೆಸಿದಾಗ, ಅಲ್ಲಿನ ಗ್ರಂಥಪಾಲಕಿ ಗ್ರೆಚೆನ್ ನೀಫ್ ಲಿಖಿತ ಪ್ರತಿಭಟನೆ ಸಲ್ಲಿಸಿದ್ದರು. ಕಮ್ಯುನಿಸ್ಟರ ಬೇಟೆ ಜೋರಾಗಿದ್ದ 1953ರಲ್ಲಿ ಪ್ರಕಾಶಕರೊಡಗೂಡಿ 'ಓದುವ ಸ್ವಾತಂತ್ರ್ಯ' ಹೇಳಿಕೆ ಹೊರಬಂತು.

ಬಾಯಿಗೆ ಬಿದ್ದ ಬೀಗ

ಸೆಪ್ಟೆಂಬರ್ 11ರ ದಾಳಿಯ ನಂತರ, ಅಕ್ಟೋಬರ್ 2001ರಲ್ಲಿ ಜಾರಿಗೆ ಬಂದ 'ಪೇಟ್ರಿಯಟ್ ಕಾಯ್ದೆ'ಯು ತನಿಖಾ ಸಂಸ್ಥೆಗಳ ಕೈಗೆ ವಿಶಾಲ ಅಧಿಕಾರ ನೀಡಿತು. ಅದರ 215ನೇ ಸೆಕ್ಷನ್ ಅಡಿಯಲ್ಲಿ ಗ್ರಂಥಾಲಯದ ದಾಖಲೆಗಳನ್ನೂ ಕೇಳಬಹುದಿತ್ತು. ಕೇಳಿದ ಸಂಗತಿಯನ್ನು ಬಹಿರಂಗಪಡಿಸುವಂತಿರಲಿಲ್ಲ. ಗ್ರಂಥಪಾಲಕರು ಸರಳ ಉಪಾಯವೊಂದನ್ನು ಕಂಡುಕೊಂಡರು. ಇಲ್ಲದ ದಾಖಲೆಯನ್ನು ಯಾರೂ ಕೊಡಲಾರರು. ಹೀಗಾಗಿ ಅನೇಕ ಗ್ರಂಥಾಲಯಗಳು ಪುಸ್ತಕ ಮರಳಿದ ಕೂಡಲೇ ಎರವಲಿನ ವಿವರ ಅಳಿಸತೊಡಗಿದವು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಜ್‌ನಲ್ಲಿ ಓದುಗರನ್ನು ಎಚ್ಚರಿಸುವ ಫಲಕಗಳು ಗೋಡೆಯ ಮೇಲೆ ಕಾಣಿಸಿಕೊಂಡವು.

ನಿಜವಾದ ಸತ್ವಪರೀಕ್ಷೆ ನಡೆದದ್ದು ಕನೆಕ್ಟಿಕಟ್ ರಾಜ್ಯದಲ್ಲಿ. ಇಪ್ಪತ್ತೈದಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಕಂಪ್ಯೂಟರ್ ಸೇವೆ ಒದಗಿಸುತ್ತಿದ್ದ 'ಲೈಬ್ರರಿ ಕನೆಕ್ಷನ್' ಸಂಸ್ಥೆಗೆ ಜುಲೈ 2005ರಲ್ಲಿ ಎಫ್‌ಬಿಐನಿಂದ 'ನ್ಯಾಷನಲ್ ಸೆಕ್ಯುರಿಟಿ ಲೆಟರ್' ಬಂತು. ಇದಕ್ಕೆ ನ್ಯಾಯಾಧೀಶರ ಸಹಿ ಬೇಕಿಲ್ಲ. ಪತ್ರ ಪಡೆದವರು ಅದರ ಬಗ್ಗೆ ತುಟಿ ಬಿಚ್ಚುವಂತೆಯೂ ಇರಲಿಲ್ಲ. ಸಂಸ್ಥೆಯ ಜಾರ್ಜ್ ಕ್ರಿಶ್ಚಿಯನ್, ಪೀಟರ್ ಚೇಸ್, ಬಾರ್ಬರಾ ಬೇಯ್ಲಿ ಮತ್ತು ಜಾನೆಟ್ ನೊಸೆಕ್ ಮಾಹಿತಿ ನೀಡಲು ಒಪ್ಪದೆ, ಹೆಸರು ಮರೆಮಾಚಿ ಮೊಕದ್ದಮೆ ಹೂಡಿದರು.

ತಮ್ಮದೇ ಮೊಕದ್ದಮೆಯ ವಿಚಾರಣೆಯನ್ನು ಅವರು ಬೇರೊಂದು ನಗರದ ಬೀಗ ಹಾಕಿದ ಕೊಠಡಿಯಲ್ಲಿ ಕುಳಿತು ಟಿವಿ ಪರದೆಯ ಮೇಲೆ ನೋಡಬೇಕಾಯಿತು. ಸೆಪ್ಟೆಂಬರ್ 2005ರಲ್ಲಿ ನ್ಯಾಯಾಧೀಶೆ ಜಾನೆಟ್ ಹಾಲ್ ಅವರು ಈ ಮಾತಿನ ನಿರ್ಬಂಧ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧವೆಂದು ತೀರ್ಪಿತ್ತರೂ, ಸರ್ಕಾರ ಮೇಲ್ಮನವಿ ಸಲ್ಲಿಸಿದ್ದರಿಂದ ಮೌನ ಮುಂದುವರಿಯಿತು. ಕಾಯ್ದೆಯ ನವೀಕರಣ ಕುರಿತು ಸಂಸತ್ತಿನಲ್ಲಿ ಚರ್ಚೆ ನಡೆಯುತ್ತಿದ್ದುದು ಅದೇ ತಿಂಗಳುಗಳಲ್ಲಿ. ಕಾಯ್ದೆಯ ಬಿಸಿ ತಟ್ಟಿದವರಿಗೇ ಸಾಕ್ಷಿ ಹೇಳುವ ಅವಕಾಶವಿರಲಿಲ್ಲ. ಮಾರ್ಚ್ 2006ರಲ್ಲಿ ನವೀಕರಣಕ್ಕೆ ಅಧ್ಯಕ್ಷರ ಅಂಕಿತ ಬಿದ್ದ ಬಳಿಕವಷ್ಟೇ ಸರ್ಕಾರ ನಿರ್ಬಂಧದ ಪಟ್ಟು ಸಡಿಲಿಸಿತು. ಕೆಲವು ವಾರಗಳಲ್ಲಿ ಪತ್ರವನ್ನೂ ಹಿಂಪಡೆಯಿತು. ನಾಲ್ವರೂ ಕೊನೆಯವರೆಗೆ ಮಾಹಿತಿ ನೀಡಲಿಲ್ಲ.

ಕಂಪನಿಗಳ ಕಡಿವಾಣ

ಸರ್ಕಾರದ ಕೈ ಕಣ್ಣಿಗೆ ಕಾಣುತ್ತದೆ. ಕಂಪನಿಯ ಕೈ ಅಷ್ಟು ಸುಲಭವಾಗಿ ಕಾಣದು. ಅನುದಾನ ಪಡೆಯುವ ಗ್ರಂಥಾಲಯಗಳು ಅಂತರ್ಜಾಲ ಶೋಧಕ ತಂತ್ರಾಂಶ ಅಳವಡಿಸಬೇಕೆಂದು 2000ನೇ ಇಸವಿಯ ಕಾಯ್ದೆ ವಿಧಿಸಿತು. ಗ್ರಂಥಾಲಯ ಸಂಘ ಇದನ್ನು ಪ್ರಶ್ನಿಸಿದರೂ 2003ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಯಾವ ತಾಣ ತಡೆಯಬೇಕೆಂಬ ಪಟ್ಟಿ ತಯಾರಿಸುವವರು ಖಾಸಗಿ ಕಂಪನಿಗಳು. ಪಟ್ಟಿ ಅವರ ವ್ಯಾಪಾರ ರಹಸ್ಯ.

ಇ-ಪುಸ್ತಕ ಬಂದ ಮೇಲೆ ತೊಡಕು ಹೆಚ್ಚಿತು. ಮುದ್ರಿತ ಪುಸ್ತಕ ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಇ-ಪುಸ್ತಕಕ್ಕೆ ಸಾಮಾನ್ಯವಾಗಿ ಸಿಗುವುದು ಪರವಾನಗಿ ಮಾತ್ರ. 26 ಬಾರಿ ಎರವಲು ಕೊಟ್ಟ ನಂತರ ಪರವಾನಗಿ ಮುಗಿಯುತ್ತದೆಂದು ಹಾರ್ಪರ್‌ಕಾಲಿನ್ಸ್ 2011ರಲ್ಲಿ ಘೋಷಿಸಿತು. ಹೊಸ ಪುಸ್ತಕ ಹೊರಬಂದ ಮೊದಲ ಎಂಟು ವಾರ, ಎಷ್ಟೇ ದೊಡ್ಡ ಗ್ರಂಥಾಲಯ ಜಾಲಕ್ಕೂ ಒಂದೇ ಪ್ರತಿ ಎಂದು ಮ್ಯಾಕ್‌ಮಿಲನ್ 2019ರಲ್ಲಿ ನಿಯಮ ತಂದಾಗ ಹಲವು ಗ್ರಂಥಾಲಯಗಳು ಖರೀದಿ ಬಹಿಷ್ಕರಿಸಿದವು. ಮಾರ್ಚ್ 2020ರಲ್ಲಿ ನಿಯಮ ರದ್ದಾಯಿತು. ಓದುಗರ ಗುಟ್ಟೂ ಇಲ್ಲಿ ಭದ್ರವಲ್ಲ. ಅಡೋಬಿಯ ಇ-ಪುಸ್ತಕ ತಂತ್ರಾಂಶ ಓದಿನ ವಿವರಗಳನ್ನು ಗೂಢಲಿಪಿಯ ರಕ್ಷಣೆಯಿಲ್ಲದೆ ಕಂಪನಿಗೆ ರವಾನಿಸುತ್ತಿದ್ದುದು 2014ರಲ್ಲಿ ಬಯಲಾಯಿತು. ಗ್ರಂಥಪಾಲಕರ ಆಕ್ಷೇಪದ ನಂತರ ಅದನ್ನು ಸರಿಪಡಿಸಲಾಯಿತು.

ಮತ್ತೆ ಕಪಾಟಿನತ್ತ

2021ರಿಂದೀಚೆಗೆ ಜಗಳ ಮರಳಿ ಕಪಾಟಿಗೆ ಬಂದಿದೆ. ಸಂಘದ ಲೆಕ್ಕದಂತೆ 2023ರಲ್ಲಿ ತೆಗೆದುಹಾಕಬೇಕೆಂಬ ಒತ್ತಾಯಕ್ಕೆ ಗುರಿಯಾದ ಪುಸ್ತಕಗಳು 4,240. ಟೆಕ್ಸಾಸ್‌ನ ಲಾನೊ ಕೌಂಟಿಯಲ್ಲಿ ಪುಸ್ತಕ ತೆಗೆಯಲೊಪ್ಪದ ಗ್ರಂಥಪಾಲಕಿಯೊಬ್ಬರು 2022ರಲ್ಲಿ ಕೆಲಸ ಕಳೆದುಕೊಂಡರು. ಅಲ್ಲಿ 17 ಪುಸ್ತಕ ತೆಗೆದ ಕ್ರಮದ ವಿರುದ್ಧ ಓದುಗರು ನ್ಯಾಯಾಲಯಕ್ಕೆ ಹೋದರು. ಸಾರ್ವಜನಿಕ ಗ್ರಂಥಾಲಯದ ಪುಸ್ತಕ ತೆಗೆದುದನ್ನು ಮೊದಲ ತಿದ್ದುಪಡಿಯಡಿ ಪ್ರಶ್ನಿಸುವಂತಿಲ್ಲವೆಂದು ಮೇ 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇನ್ನೊಂದೆಡೆ ಇಲಿನಾಯ್ ರಾಜ್ಯ 2023ರಲ್ಲಿ, ಪುಸ್ತಕ ನಿಷೇಧಿಸುವ ಗ್ರಂಥಾಲಯಗಳಿಗೆ ರಾಜ್ಯದ ಅನುದಾನ ಸಿಗದಂತೆ ಕಾನೂನು ಮಾಡಿತು. ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯ 2022ರಲ್ಲಿ ದೇಶದ ಯಾವುದೇ ಮೂಲೆಯ ಹದಿಹರೆಯದವರಿಗೆ ಉಚಿತ ಇ-ಕಾರ್ಡ್ ನೀಡತೊಡಗಿತು.

215ನೇ ಸೆಕ್ಷನ್ 2020ರ ಮಾರ್ಚ್‌ನಲ್ಲಿ ಕಾಲಾವಧಿ ಮುಗಿದು ಬಿದ್ದುಹೋಯಿತು. ಆದರೆ ಕನೆಕ್ಟಿಕಟ್‌ಗೆ ಬಂದಂಥ ಪತ್ರಗಳನ್ನು ಕಳಿಸುವ ಅಧಿಕಾರ ಉಳಿದಿದೆ. ದಾಖಲೆ ಗ್ರಂಥಾಲಯದಲ್ಲಿದ್ದಾಗ ಅದನ್ನು ಕಾಯಲು ಗ್ರಂಥಪಾಲಕರಿದ್ದರು. ಅದು ಇ-ಪುಸ್ತಕದ ಕಂಪನಿಯ ಸರ್ವರ್ ಸೇರಿದ ಮೇಲೆ ಕಾಯುವವರು ಯಾರೆಂಬುದೇ ಈಗಿನ ಪ್ರಶ್ನೆ.