ಐರ್ಲೆಂಡಿನಲ್ಲಿ ವಸಂತದ ಹೊಸ್ತಿಲು

ಜನವರಿಯ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನಮ್ಮನ್ನು ಕಾಣಲು ಬಂದರು. ಅವರ ಮಗಳು ಐರ್ಲೆಂಡಿನಲ್ಲಿ ದಾದಿ. ಕತ್ತಲೆಯಲ್ಲಿ ಕೆಲಸಕ್ಕೆ ಹೋಗಿ ಕತ್ತಲೆಯಲ್ಲೇ ಮರಳುವ ಆ ಹುಡುಗಿ ಫೋನಿನಲ್ಲಿ ಅಳುತ್ತಾಳಂತೆ. "ಅವಳಿಗೆ ಏನು ಹೇಳಲಿ, ಸ್ವಾಮಿ?" ಎಂದರು. ಪ್ರಾರ್ಥಿಸಲು ಹೇಳಿ ಎಂದು ಕಳುಹಿಸಿಬಿಟ್ಟೆವು. ಉತ್ತರ ತಪ್ಪಾಗಿರಲಿಲ್ಲ, ಆದರೆ ಅದು ಸಾಲದೆಂದು ಆ ರಾತ್ರಿಯೇ ನಮಗೆ ತೋರಿತು.

ಸಂತ ಥಾಮಸ್ ಅಕ್ವಿನಾಸರು ದುಃಖಕ್ಕೆ ಹೇಳಿರುವ ಮದ್ದುಗಳು ಐದು: ಸುಖಾನುಭವ, ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ, ಕೊನೆಯದಾಗಿ ನಿದ್ರೆ ಮತ್ತು ಸ್ನಾನ. ಗುರುಮಠದಲ್ಲಿ ಇದನ್ನು ಓದಿದಾಗ ಸ್ನಾನದ ಮಾತಿಗೆ ನಾವೆಲ್ಲ ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಯಾವ ಸುಖವಾದರೂ ದುಃಖವನ್ನು ಅಷ್ಟಿಷ್ಟು ತಗ್ಗಿಸುತ್ತದೆಂದು ಆ ಮಹಾಜ್ಞಾನಿ ಸುಖವನ್ನೇ ಮೊದಲಿಗಿಟ್ಟರು.

ಹಾಗಾದರೆ ಆ ಚಳಿಯ ನಾಡಿನಲ್ಲಿ ಸವಿಯಲು ಏನಿದೆ? ಮೊದಲನೆಯದು ಬೆಳಕು. ಡಿಸೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ ಸಂಜೆ 4 ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಫೆಬ್ರವರಿ ಆರಂಭಕ್ಕೆ ಅದು ಸುಮಾರು 5 ಗಂಟೆ, ಮಾರ್ಚ್ 17ರ ಸಂತ ಪ್ಯಾಟ್ರಿಕ್ಕರ ಹಬ್ಬಕ್ಕೆ ಸುಮಾರು ಆರೂವರೆ. ಸಂಜೆ ಉದ್ದವಾಗುತ್ತಿದೆ ಎಂಬುದೇ ಆ ದಿನಗಳಲ್ಲಿ ಅಲ್ಲಿಯ ಜನ ಎದುರಾದಾಗ ಆಡುವ ಕುಶಲದ ಮಾತು. ಮಳೆ ಸುರಿಯುತ್ತಿದ್ದರೂ ಹೇಳುತ್ತಾರೆ! ಆ ಹೊತ್ತಿಗೆ ಕಿತ್ತಳೆ ಕೊಕ್ಕಿನ ಬ್ಲ್ಯಾಕ್‌ಬರ್ಡ್ ಹಕ್ಕಿ ಹಾಡಲು ಆರಂಭಿಸಿರುತ್ತದೆ.

ಫೆಬ್ರವರಿ 1 ಸಂತ ಬ್ರಿಜಿಡ್‌ರ ಹಬ್ಬ. ಅಲ್ಲಿಯ ಹಳೆಯ ಲೆಕ್ಕದಂತೆ ವಸಂತದ ಮೊದಲ ದಿನವೂ ಅದೇ. ಹಿಂದಿನ ಸಂಜೆ ಜೊಂಡುಹುಲ್ಲನ್ನು ತಂದು ನಾಲ್ಕು ತೋಳಿನ ಶಿಲುಬೆ ಹೆಣೆದು ಬಾಗಿಲ ಮೇಲೆ ತೂಗುಹಾಕುತ್ತಾರೆ. ಸಂಪ್ರದಾಯಸ್ಥರು ಆ ಹುಲ್ಲನ್ನು ಕೊಯ್ಯದೆ ಕೈಯಿಂದಲೇ ಕೀಳುತ್ತಾರೆ. ಗರಿಗಳ ಭಾನುವಾರ ನಮ್ಮ ಮಕ್ಕಳು ತೆಂಗಿನ ಗರಿಯಲ್ಲಿ ಶಿಲುಬೆ ಮಡಚುವುದನ್ನು ಕಂಡವರಿಗೆ ಆ ಸಡಗರ ಅಪರಿಚಿತವೆನಿಸದು. ಅದೇ ರಾತ್ರಿ ಒಂದು ಬಟ್ಟೆಯ ತುಂಡನ್ನು ಮನೆಯ ಹೊರಗಿಟ್ಟು, ಸಂತಳು ಹಾದುಹೋಗುವಾಗ ಹರಸುತ್ತಾಳೆಂದು ನಂಬಿ, ತಲೆನೋವಿನ ಮದ್ದಿಗಾಗಿ ವರ್ಷವಿಡೀ ಕಾಪಾಡುವವರೂ ಇದ್ದಾರೆ. ಪೂಜೆಗೆ ಬರುವವರ ಸಂಖ್ಯೆ ಆ ದೇಶದಲ್ಲಿ ಬಹಳ ಕುಗ್ಗಿದೆ ಎಂಬುದು ನಮ್ಮನ್ನು ನೋಯಿಸುವ ಸಂಗತಿ. ಆದರೂ 2023ರಿಂದ ಈ ಸಂತಳ ಹೆಸರಿನಲ್ಲಿ ಸರ್ಕಾರ ಸಾರ್ವಜನಿಕ ರಜೆ ಕೊಡುತ್ತಿದೆ. ಅದರ ಅರ್ಥವೇನೆಂದು ಬಲ್ಲವರು ಚರ್ಚಿಸಲಿ. ರಜೆಯಂತೂ ರಜೆಯೇ.

ನೆಲದಲ್ಲಿ ಮೊದಲು ತಲೆಯೆತ್ತುವುದು ಬಿಳಿಯ ಸ್ನೋಡ್ರಾಪ್ ಹೂವು, ಅನಂತರ ಹಳದಿ ಡ್ಯಾಫೋಡಿಲ್. ಹೊಲಗಳಲ್ಲಿ ಕುರಿಮರಿಗಳು. ತಪಸ್ಸುಕಾಲದ ಮುನ್ನಾದಿನದ ಮಂಗಳವಾರ ಮನೆಮನೆಯಲ್ಲಿ ಮೊಟ್ಟೆ, ಹಾಲು, ಹಿಟ್ಟು ಕಲಸಿ ದೋಸೆಯಂತೆ ತೆಳ್ಳಗೆ ಹುಯ್ದು, ನಿಂಬೆರಸ ಹಿಂಡಿ, ಸಕ್ಕರೆ ಉದುರಿಸಿ ತಿನ್ನುತ್ತಾರೆ. ಹಿಂದೆ ಉಪವಾಸದಲ್ಲಿ ಮೊಟ್ಟೆ, ಹಾಲು, ಬೆಣ್ಣೆ ನಿಷಿದ್ಧವಾಗಿದ್ದುದರಿಂದ ಮನೆಯಲ್ಲಿದ್ದುದನ್ನು ಮುಗಿಸಲು ಹುಟ್ಟಿದ ಪದ್ಧತಿಯಿದು. ಇನ್ನು ಗುಡ್ಡ ಬೇಲಿಗಳ ತುಂಬ ಹಳದಿಯಾಗಿ ಅರಳುವ ಗೋರ್ಸ್ ಎಂಬ ಮುಳ್ಳುಪೊದೆ. ಬಿಸಿಲು ಬಿದ್ದಾಗ ಅದರ ಹೂವು ತೆಂಗಿನಕಾಯಿಯ ಪರಿಮಳ ಸೂಸುತ್ತದೆ. ತೆಂಗೇ ಬೆಳೆಯದ ನಾಡಿನಲ್ಲಿ!

ಮುಂದಿನ ಭಾನುವಾರ ಆ ತಾಯಿಯನ್ನು ನಾವೇ ಕರೆದು ಇದೆಲ್ಲವನ್ನೂ ಹೇಳಿದೆವು. ಬೆಳಕಿನ ಲೆಕ್ಕವನ್ನು ಅವರು ಸುಮ್ಮನೆ ಕೇಳಿಕೊಂಡರು. ಶಿಲುಬೆಯ ಮಾತಿಗೆ ತಲೆಯಾಡಿಸಿದರು. ಕೊನೆಯ ಮಾತಿಗೆ ಮಾತ್ರ ಮುಖವೆತ್ತಿ, "ತೆಂಗಿನಕಾಯಿಯ ವಾಸನೆಯೇ, ಸ್ವಾಮಿ? ಇವತ್ತೇ ಅವಳಿಗೆ ಹೇಳುತ್ತೇನೆ, ಹುಡುಕಲಿ" ಎಂದು ಫೋನು ತೆಗೆದುಕೊಂಡು ಅಂಗಳಕ್ಕೆ ಇಳಿದರು.