ಕಾಣಿಕೆ ಡಬ್ಬಿಯಿಂದ ಜಾಲತಾಣಕ್ಕೆ: ಧರ್ಮಕೇಂದ್ರದ ನಿಧಿಸಂಗ್ರಹಕ್ಕೆ ಸಂತ ಪೌಲರ ಮಾನದಂಡ

ದೇವಾಲಯದ ಬಾಗಿಲಲ್ಲಿರುವ ಕಾಣಿಕೆ ಡಬ್ಬಿಯ ಪಕ್ಕದಲ್ಲಿ ಇಂದು ಕ್ಯೂಆರ್ ಸಂಕೇತದ ಫಲಕವೂ ನಿಂತಿದೆ. ಹಲವು ಧರ್ಮಕೇಂದ್ರಗಳು, ಪುಣ್ಯಕ್ಷೇತ್ರಗಳು, ಸಣ್ಣ ಸೇವಾಸಂಸ್ಥೆಗಳು ಜಾಲತಾಣಗಳನ್ನು ತೆರೆದು, ಅವುಗಳಲ್ಲಿ ದಾನಕ್ಕೆಂದೇ ಒಂದು ಪುಟವನ್ನು ಮೀಸಲಿಟ್ಟಿವೆ. ಇದನ್ನು ಕೇವಲ ತಾಂತ್ರಿಕ ಕೆಲಸವೆಂದು ಬಗೆದು, ಬಲ್ಲ ಯುವಕರಿಗೆ ಒಪ್ಪಿಸಿ ಸುಮ್ಮನಾಗುವುದು ಸುಲಭ. ಆದರೆ ಧರ್ಮಸಭೆ ತನ್ನನ್ನು ತಾನು ಏನೆಂದು ತಿಳಿದಿದೆ ಎಂಬುದು ಅದು ಹಣ ಕೇಳುವ ಬಗೆಯಲ್ಲೇ ಬಯಲಾಗುತ್ತದೆ. ಆದ್ದರಿಂದ ಇದು ಮೊದಲು ದೈವಶಾಸ್ತ್ರದ ಪ್ರಶ್ನೆ, ಅನಂತರ ತಂತ್ರಜ್ಞಾನದ ಪ್ರಶ್ನೆ. ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ನಡೆಸಿದ ನಿಧಿಸಂಗ್ರಹವನ್ನು ಮಾನದಂಡವಾಗಿಟ್ಟುಕೊಂಡು ದಾನದ ಪುಟ ಹೇಗಿರಬೇಕೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

1. ಅಪರಿಚಿತರಿಗಾಗಿ ಕೇಳಿದ ಕಾಣಿಕೆ

ಪೌಲರು ಗಲಾತ್ಯ, ಮಕೆದೋನಿಯ, ಅಖಾಯ ಪ್ರಾಂತಗಳ ಸಭೆಗಳಲ್ಲಿ ನಿಧಿ ಕೂಡಿಸಿದರು. ಕೊಟ್ಟವರಲ್ಲಿ ಬಹುಪಾಲು ಜನ ಜೆರುಸಲೇಮನ್ನು ಕಂಡವರಲ್ಲ. ಪಡೆಯುವವರ ಮುಖ ಅವರಿಗೆ ತಿಳಿಯದು. ದೂರದ ಅಪರಿಚಿತರಿಂದ ದೂರದ ಅಪರಿಚಿತರಿಗೆ ಹಣ ತಲುಪಿಸುವ ಕಾರ್ಯವದು. ಈ ದೃಷ್ಟಿಯಲ್ಲಿ ಅದು ನಮ್ಮ ಜಾಲತಾಣದ ಸನ್ನಿವೇಶಕ್ಕೆ ತೀರ ಹತ್ತಿರದ್ದು.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೇ ಅಧ್ಯಾಯಗಳು ಪೂರ್ತಿ ಈ ನಿಧಿಯ ಕುರಿತಾಗಿವೆ. ಆದರೂ ಅಲ್ಲಿ ಹಣ ಎಂಬ ಪದವನ್ನು ಪೌಲರು ಬಳಸುವುದೇ ಇಲ್ಲ. ಅದರ ಬದಲು ಖಾರಿಸ್, ಅಂದರೆ ಕೃಪೆ. ಕೊಯಿನೋನಿಯ, ಅಂದರೆ ಅನ್ಯೋನ್ಯತೆ. ದಿಯಾಕೋನಿಯ, ಅಂದರೆ ಸೇವೆ. ಲೆಯ್ತೂರ್ಗಿಯ, ಅಂದರೆ ಆರಾಧನೆಯ ಸೇವೆ ಎಂಬ ಪದಗಳು ಬರುತ್ತವೆ. ಇನ್ನೂ ಗಮನಾರ್ಹವಾದುದು ಅವರು ಹೇಳದೆ ಬಿಟ್ಟ ಸಂಗತಿ. ಜೆರುಸಲೇಮಿನ ಬಡವರ ಹಸಿವನ್ನು, ಹರಕು ಬಟ್ಟೆಯನ್ನು, ಕಣ್ಣೀರನ್ನು ಅವರು ಎಲ್ಲಿಯೂ ವರ್ಣಿಸುವುದಿಲ್ಲ. ಕೊರಿಂಥದವರ ಕರುಣೆಯನ್ನು ಕೆರಳಿಸಿ ಕೈಚೀಲ ಬಿಚ್ಚಿಸುವ ದಾರಿ ಅವರಿಗೆ ಬೇಕಾಗಿರಲಿಲ್ಲ. ಕಡುಬಡತನದಲ್ಲಿದ್ದೂ ತಾವಾಗಿಯೇ ಬೇಡಿಕೊಂಡು ಕೊಟ್ಟ ಮಕೆದೋನಿಯದವರನ್ನೂ, ಐಶ್ವರ್ಯವಂತರಾಗಿದ್ದೂ ನಮಗಾಗಿ ಬಡವರಾದ ಕ್ರಿಸ್ತರನ್ನೂ ಅವರು ಮುಂದಿಡುತ್ತಾರೆ. ಪಡೆಯುವವರು ಕೊಡುವವರಿಗೆ ಸರಿಸಮಾನರೆಂಬುದೇ ಅವರ ವಾದದ ತಿರುಳು. ಇಸೋತೆಸ್, ಅಂದರೆ ಸಮಾನತೆ, ಅವರು ಬಳಸಿದ ಮಾತು.

2. ಲೆಕ್ಕವೂ ಸಾಕ್ಷ್ಯವೇ

ಈ ನಿಧಿಯನ್ನು ಪೌಲರು ಒಬ್ಬರೇ ಹೊತ್ತೊಯ್ಯಲಿಲ್ಲ. ತೀತನೊಂದಿಗೆ ಸಭೆಗಳು ತಾವೇ ಆರಿಸಿದ ಸಹೋದರನೊಬ್ಬನನ್ನೂ, ಪರೀಕ್ಷಿತನಾದ ಇನ್ನೊಬ್ಬನನ್ನೂ ಕಳುಹಿಸಿದರು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತಿರಲಿ, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ನಡತೆ ನೇರವಾಗಿರಲಿ ಎಂಬುದು ಅವರ ಉದ್ದೇಶ (2 ಕೊರಿಂಥ 8:18–22). ಪ್ರೇಷಿತರ ಪ್ರಾಮಾಣಿಕತೆಯನ್ನು ಯಾರು ಶಂಕಿಸಬೇಕು? ಆದರೂ ಅವರು ತಮ್ಮ ಮೇಲೆಯೇ ಸಾಕ್ಷಿಗಳನ್ನಿಟ್ಟುಕೊಂಡರು.

ಧರ್ಮಸಭೆಯ ಕಾನೂನು ಸಂಹಿತೆ ಈ ಜಾಡಿನಲ್ಲೇ ನಡೆಯುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿಯಿರಬೇಕೆಂದು 537ನೇ ವಿಧಿ ಹೇಳುತ್ತದೆ. ನಿರ್ದಿಷ್ಟ ಉದ್ದೇಶಕ್ಕೆ ಬಂದ ಕಾಣಿಕೆಯನ್ನು ಆ ಉದ್ದೇಶಕ್ಕೇ ವಿನಿಯೋಗಿಸಬೇಕೆಂದು 1267ನೇ ವಿಧಿ ವಿಧಿಸುತ್ತದೆ. ವಿಶ್ವಾಸಿಗಳು ಅರ್ಪಿಸಿದ ಸಂಪತ್ತಿನ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂಬುದು 1287ನೇ ವಿಧಿ. ಖಾಸಗಿ ವ್ಯಕ್ತಿಗಳು ಸಂಬಂಧಪಟ್ಟ ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಧಾರ್ಮಿಕ ಸಂಸ್ಥೆಯ ಹೆಸರಿನಲ್ಲಿ ಹಣ ಬೇಡುವುದನ್ನು 1265ನೇ ವಿಧಿ ನಿಷೇಧಿಸುತ್ತದೆ; ಉತ್ಸಾಹಿ ಭಕ್ತರು ತಾವಾಗಿಯೇ ದೇವಾಲಯದ ಹೆಸರಿನಲ್ಲಿ ಅಂತರಜಾಲದಲ್ಲಿ ಚಂದಾ ಎತ್ತುವಾಗ ಈ ವಿಧಿಯನ್ನು ನೆನಪಿಸಬೇಕಾಗುತ್ತದೆ.

ಇದರಿಂದ ಒಂದು ಸರಳ ನಿಯಮ ಹೊರಡುತ್ತದೆ: ಲೆಕ್ಕದ ಪುಟವಿಲ್ಲದ ಜಾಲತಾಣದಲ್ಲಿ ದಾನದ ಪುಟವೂ ಇರಬಾರದು. ಚಾವಣಿ ದುರಸ್ತಿಗೆ ಹಣ ಕೇಳಿದ್ದರೆ ಅಂದಾಜು ವೆಚ್ಚವೆಷ್ಟು, ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಮೂರು ಸಾಲುಗಳು ಅಲ್ಲೇ ಕಾಣಬೇಕು. ಗುರಿ ತಲುಪಿದ ದಿನ ಕೇಳುವುದನ್ನು ನಿಲ್ಲಿಸಬೇಕು. ಖಾತೆ ಧರ್ಮಕೇಂದ್ರದ ಅಥವಾ ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು ಗುರುಗಳ ಸ್ವಂತ ಹೆಸರಿನಲ್ಲಿ ಅಲ್ಲ. ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಮೂಡುವ ಹೆಸರನ್ನು ಜಾಲತಾಣದಲ್ಲೂ ಫಲಕದಲ್ಲೂ ಅಚ್ಚುಹಾಕಿದರೆ, ಯಾರೋ ಮೇಲೆ ಬೇರೊಂದು ಚೀಟಿ ಅಂಟಿಸಿದ್ದರೂ ಭಕ್ತರು ಅದನ್ನು ಗುರುತಿಸಬಲ್ಲರು.

3. ಬಡವರ ಮುಖ ಯಾರ ಸೊತ್ತು?

ಪೌಲರ ಮೌನವನ್ನು ನಮ್ಮ ಪುಟಗಳ ಪಕ್ಕದಲ್ಲಿಟ್ಟು ನೋಡೋಣ. ಅನಾಥಾಲಯದ ಮಗುವಿನ ಅಳುಮುಖ, ಹಾಸಿಗೆ ಹಿಡಿದ ವೃದ್ಧೆಯ ಚಿತ್ರ, ಕೆಳಗೆ ಖಾತೆಯ ಸಂಖ್ಯೆ. ಇಂಥ ಚಿತ್ರ ಹಣ ತರುತ್ತದೆಂಬುದು ನಿಜ. ಆದರೆ ಆ ಮಗು ದೊಡ್ಡದಾದ ಮೇಲೆ ತನ್ನ ಹೆಸರನ್ನು ಹುಡುಕಿದಾಗ ಅದಕ್ಕೆ ಸಿಗುವುದೂ ಇದೇ ಚಿತ್ರ. ಕೊಯಿನೋನಿಯದಲ್ಲಿ ಒಬ್ಬರು ಪ್ರದರ್ಶನದ ವಸ್ತುವಾಗಿ, ಇನ್ನೊಬ್ಬರು ಪ್ರೇಕ್ಷಕರಾಗಿ ಉಳಿಯಲಾರರು.

ಇದು ನೀತಿಯ ಮಾತಷ್ಟೇ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಮುಂತಾಗಿ ಗುರುತು ಬಯಲು ಮಾಡುವ ಯಾವ ವಿವರವನ್ನೂ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ವಯಸ್ಕರ ವಿಷಯದಲ್ಲಿಯೂ ಚಿತ್ರ ಎಲ್ಲಿ ಕಾಣುವುದೆಂಬುದನ್ನು ಅವರಿಗೆ ಅರ್ಥವಾಗುವಂತೆ ತಿಳಿಸಿ ಒಪ್ಪಿಗೆ ಪಡೆಯಬೇಕು. ನೆರವು ಬೇಡುತ್ತಿರುವ ವ್ಯಕ್ತಿ ಬೇಡವೆನ್ನಲು ಹಿಂಜರಿಯುತ್ತಾನೆ ಎಂಬುದನ್ನು ಮರೆಯಲಾಗದು.

ದಾನಿಗಳ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಬೆಂಚಿನ ಬೆನ್ನಿನ ಮೇಲೆ ದಾನಿಯ ಹೆಸರು ಬರೆಸುವ ರೂಢಿ ನಮ್ಮಲ್ಲಿ ಹಳೆಯದು. ಜಾಲತಾಣದಲ್ಲಿ ಅದು ಮೊತ್ತದ ಇಳಿಕೆಯ ಕ್ರಮದಲ್ಲಿ ಹೆಸರುಗಳ ಪಟ್ಟಿಯಾದಾಗ, ದಾನ ಮಾಡುವಾಗ ತುತ್ತೂರಿ ಊದಿಸಬೇಡಿರೆಂದ ಯೇಸುಸ್ವಾಮಿಯ ಬೋಧನೆಗೂ, ಎರಡು ಕಾಸು ಹಾಕಿದ ವಿಧವೆಯನ್ನು ಅವರು ಎತ್ತಿ ತೋರಿದ ರೀತಿಗೂ ಎದುರಾಗಿ ನಿಲ್ಲುತ್ತದೆ. ಒಟ್ಟು ಮೊತ್ತವನ್ನು ಪ್ರಕಟಿಸುವುದು ಲೆಕ್ಕ. ಯಾರು ಎಷ್ಟು ಕೊಟ್ಟರೆಂದು ಸಾರುವುದು ಬೇರೆ.

4. ಪೂಜಾ ಕಾಣಿಕೆ ಮಾರಾಟದ ಸರಕಲ್ಲ

ಕೆಲವು ತಾಣಗಳಲ್ಲಿ ಬಲಿಪೂಜೆಯ ಉದ್ದೇಶಗಳನ್ನು ಅಂಗಡಿಯ ಬುಟ್ಟಿಗೆ ಸರಕು ತುಂಬಿದಂತೆ ಆರಿಸಿ ಹಣ ಕಟ್ಟುವ ಏರ್ಪಾಡಿದೆ. ದೂರದಲ್ಲಿರುವವರು ತಮ್ಮ ಮೃತ ತಂದೆತಾಯಿಗಾಗಿ ಪೂಜೆ ಕೋರುವುದು ಸಾಧುವೇ. ಆದರೆ ವ್ಯಾಪಾರದ ಛಾಯೆಯೂ ಸುಳಿಯಬಾರದೆಂದು 947ನೇ ವಿಧಿ ಎಚ್ಚರಿಸುತ್ತದೆ. ಒಂದು ವರ್ಷದೊಳಗೆ ತಾನು ಅರ್ಪಿಸಲಾಗದಷ್ಟು ಪೂಜೆಗಳ ಕಾಣಿಕೆಯನ್ನು ಯಾವ ಗುರುವೂ ಸ್ವೀಕರಿಸಕೂಡದೆಂಬುದು 953ನೇ ವಿಧಿ. ಯಂತ್ರಕ್ಕೆ ಈ ಮಿತಿ ತಿಳಿಯದು, ನಾವೇ ಅದನ್ನು ಇಡಬೇಕು. ಕಾಣಿಕೆಯಿಲ್ಲದಿದ್ದರೂ ಬಡವರ ಉದ್ದೇಶಕ್ಕಾಗಿ ಪೂಜೆ ಅರ್ಪಿಸಲು 945ನೇ ವಿಧಿ ಗುರುಗಳನ್ನು ಪ್ರೇರೇಪಿಸುತ್ತದೆ. ಹಾಗಾದರೆ ಹಣ ತುಂಬದೆ ಮುಂದೆ ಹೋಗಲು ಬಿಡದ ನಮೂನೆ ಈ ವಿಧಿಯ ಆಶಯವನ್ನೇ ಮುರಿಯುತ್ತದೆ. ಕಾಣಿಕೆಯಿಲ್ಲದೆಯೂ ಉದ್ದೇಶವನ್ನು ತಿಳಿಸುವ ಅವಕಾಶ ಅಲ್ಲಿರಲಿ.

5. ದೇಶದ ಕಾನೂನು

ಜಾಲತಾಣಕ್ಕೆ ಗಡಿಯಿಲ್ಲ, ಹಣಕ್ಕೆ ಇದೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ, ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿಯಿಲ್ಲದೆ ವಿದೇಶಿ ಮೂಲದ ಹಣವನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ಬಳಿಕ ಅಂಥ ಹಣ ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ ಮಾತ್ರ. ಕರಾವಳಿಯ ಧರ್ಮಕೇಂದ್ರಗಳಿಗೆ ಇದು ನಿತ್ಯದ ಸಂಗತಿ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ವಂತಿಗೆಯಲ್ಲ; ಅದೇ ಊರಿನಲ್ಲಿ ಹುಟ್ಟಿ ಬೆಳೆದು ಈಗ ಬೇರೊಂದು ದೇಶದ ಪೌರತ್ವ ಪಡೆದವರ ಹಣ ವಿದೇಶಿ ವಂತಿಗೆ. ಆದಕಾರಣ ದಾನದ ಪುಟ ಕೊಡುವವರ ಪೌರತ್ವವನ್ನು ಕೇಳಲೇಬೇಕು. ಆದಾಯ ತೆರಿಗೆಯ ರಿಯಾಯಿತಿಯೂ ಹಾಗೆಯೇ: 80ಜಿ ಎಂದು ಜನರಿಗೆ ಪರಿಚಿತವಾಗಿರುವ ಸೌಲಭ್ಯ ಮಾನ್ಯತೆ ಪಡೆದ ಸೇವಾಸಂಸ್ಥೆಗಳಿಗೆ ಸಂಬಂಧಿಸಿದ್ದು, ಮಾನ್ಯತೆಯಿಲ್ಲದೆ ಅದರ ಆಸೆ ತೋರಿಸುವುದು ಸುಳ್ಳು ಹೇಳಿದಂತೆ.

6. ಕಾಣಿಸಿಕೊಳ್ಳುವುದು ಆತಿಥ್ಯಕ್ಕಾಗಿ

ಪ್ರಚಾರವೆಂದರೆ ಹೊಗಳಿಕೊಳ್ಳುವುದೆಂದೇನಲ್ಲ. ಹೊಸದಾಗಿ ಊರಿಗೆ ಬಂದ ಕೂಲಿಕಾರ ಕುಟುಂಬಕ್ಕೆ ಭಾನುವಾರದ ಪೂಜೆ ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ, ದಾರಿ ಯಾವುದು ಎಂಬುದು ಸಿಕ್ಕರೆ ಅದೇ ಆತಿಥ್ಯದ ಮೊದಲ ಹೆಜ್ಜೆ. ನಮ್ಮ ಹಲವು ಪ್ರಕಟಣೆಗಳು ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾಗಿ, ಚಿತ್ರರೂಪದಲ್ಲಿ ಜಾಲತಾಣ ಸೇರುತ್ತವೆ. ಅವು ಹುಡುಕುವವರಿಗೆ ಸಿಗುವುದಿಲ್ಲ. ಪರದೆಯ ಅಕ್ಷರವನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದ ಅಂಧರಿಗೆ ಕೇಳಿಸುವುದೂ ಇಲ್ಲ. ಯೂನಿಕೋಡ್ ಕನ್ನಡದಲ್ಲಿ ಬರೆದ ಹತ್ತು ಸಾಲು ಬಣ್ಣದ ಹತ್ತು ಭಿತ್ತಿಪತ್ರಗಳಿಗಿಂತ ಹೆಚ್ಚು ಜನರನ್ನು ತಲುಪೀತು.

ಇಲ್ಲಿ ಕೊನೆಯ ಪ್ರಶ್ನೆಯೊಂದು ಉಳಿಯುತ್ತದೆ. ಹೆಸರಾಂತ ಪುಣ್ಯಕ್ಷೇತ್ರದ ತಾಣಕ್ಕೆ ದಾನ ಹರಿದುಬರುತ್ತದೆ. ಪಕ್ಕದ ಹಳ್ಳಿಯ ಧರ್ಮಕೇಂದ್ರಕ್ಕೆ ತಾಣವೇ ಇಲ್ಲ, ಅದರ ಸೋರುವ ಚಾವಣಿ ಯಾರಿಗೂ ಕಾಣುವುದಿಲ್ಲ. ಅಂತರಜಾಲ ಕಾಣುವವರಿಗೇ ಇನ್ನಷ್ಟು ಕೊಡುತ್ತದೆ. ಒಬ್ಬರ ಸಮೃದ್ಧಿ ಇನ್ನೊಬ್ಬರ ಕೊರತೆಯನ್ನು ತುಂಬಲೆಂದ ಪೌಲರ ಸಮಾನತೆಯ ತತ್ವ ಈ ಓಟಕ್ಕೆ ಎದುರು ಹೋಗುತ್ತದೆ. ಧರ್ಮಕ್ಷೇತ್ರದ ತಾಣದಲ್ಲಿ ಸಣ್ಣ ಧರ್ಮಕೇಂದ್ರಗಳ ಅಗತ್ಯಗಳಿಗೆ ಮೊದಲ ಸ್ಥಾನ ಕೊಡುವುದು, ದೊಡ್ಡ ಕ್ಷೇತ್ರಗಳು ತಮ್ಮ ದಾನದ ಪುಟದಲ್ಲೇ ಬಡ ಧರ್ಮಕೇಂದ್ರವೊಂದರ ಹೆಸರನ್ನು ಸೇರಿಸುವುದು ಅಸಾಧ್ಯವೇನಲ್ಲ. ಕೊರಿಂಥ ಮಾಡಿದ್ದು ಅದನ್ನೇ: ತನ್ನ ಮನೆಯ ಅಲಂಕಾರಕ್ಕಲ್ಲ, ತಾನು ಕಾಣದ ಜೆರುಸಲೇಮಿಗಾಗಿ ಕೂಡಿಸಿಟ್ಟಿತು. ನಮ್ಮ ಪುಟಗಳಲ್ಲಿ ನಮ್ಮದಲ್ಲದ ಅಗತ್ಯಕ್ಕೂ ಒಂದು ಸಾಲಿನ ಜಾಗ ಇದೆಯೇ ಎಂದು ಪ್ರತಿಯೊಂದು ಆರ್ಥಿಕ ಸಮಿತಿಯೂ ತನ್ನ ಮುಂದಿನ ಸಭೆಯಲ್ಲಿ ಕೇಳಿಕೊಳ್ಳುವುದು ಲೇಸು.